ಹೆಸರುಕಾಳಿನಷ್ಟು ಜೇಡ: ಮರಿ ಟಾರಾಂಟುಲಾ ತಂದವರಿಗೆ

ಟಾರಾಂಟುಲಾ ಅನ್ನುವ ದೊಡ್ಡ ಜಾತಿಯ ಜೇಡದ ಮರಿ ಮನೆಗೆ ಬಂದ ದಿನ ಏನು ಮಾಡಬೇಕು ಅಂತ ಕೇಳಿದರೆ ನಾನು ಹೇಳುವುದು ಇಷ್ಟು. ಡಬ್ಬಿಯ ಗೋಡೆಗೆ ಒಂದು ಹನಿ ನೀರು ಬಿಡಿ, ಮುಚ್ಚಳ ಹಾಕಿ, ಕೈ ತೊಳೆದುಕೊಂಡು ಊಟಕ್ಕೆ ಏಳಿ. ಅದಕ್ಕೆ ಅವತ್ತು ಊಟ ಬೇಡ. ಮುಂದಿನ ನಾಲ್ಕೈದು ದಿನವೂ ಬೇಡ. ಇಷ್ಟು ಸುಲಭದ ಮಾತು ನನ್ನ ತಲೆಗೆ ಹೋಗಲು ಒಂದು ಮರಿ ಸಾಯಬೇಕಾಯಿತು.

ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ನನ್ನದೊಂದು ವಾಚ್ ರಿಪೇರಿ ಅಂಗಡಿ ಇದೆ. ಅಂಗಡಿ ಅಂದರೆ ಒಂದು ಟೇಬಲ್ಲು, ಒಂದು ಲೈಟು, ಒಂದು ಗಾಜಿನ ಪೆಟ್ಟಿಗೆ. ಜೇಡ ಸಾಕುವ ಹುಚ್ಚು ನನ್ನದಲ್ಲ, ಅಕ್ಕನ ಮಗನದು. ಬೆಂಗಳೂರಿನಲ್ಲಿ ಓದುವಾಗ ಎರಡು ಮರಿ ಕೊಂಡಿದ್ದ. ಕೆಲಸ ಸಿಕ್ಕು ಪುಣೆಗೆ ಹೊರಟಾಗ ಅಲ್ಲಿನ ಪಿಜಿಯಲ್ಲಿ ಇದಕ್ಕೆಲ್ಲ ಬಿಡುವುದಿಲ್ಲ ಅಂತ, ಊಟದ ಡಬ್ಬಿಯಲ್ಲಿ ಇಟ್ಟುಕೊಂಡು ರೈಲಿನಲ್ಲಿ ಹುಬ್ಬಳ್ಳಿಗೆ ತಂದ. "ಮಾಮಾ, ನಿನ್ನ ಕೈ ನಡಗೂದಿಲ್ಲ. ನೀನ ಇಟ್ಕೋ," ಅಂದ. ತೆಗೆದು ನೋಡಿದರೆ ಎರಡು ಸಣ್ಣ ಪ್ಲಾಸ್ಟಿಕ್ ಸೀಸೆ, ಒಳಗೆ ಒದ್ದೆ ಟಿಶ್ಯೂ ಪೇಪರ್, ಅದರ ಮಡಿಕೆಯಲ್ಲಿ ಒಂದೊಂದು ಜೇಡ. ಹೊಟ್ಟೆ ಹೆಸರುಕಾಳಿನಷ್ಟು. ಕಾಲು ಚಾಚಿದರೆ ಒಂದೂವರೆ ಸೆಂಟಿಮೀಟರ್. ನನ್ನ ಹೆಂಡತಿ ಬಗ್ಗಿ ನೋಡಿ, "ಇಷ್ಟಕ್ಕ ರೊಕ್ಕ ಕೊಟ್ಟಾನೇನ್ರೀ? ಅಡಗಿ ಮನ್ಯಾಗ ಬೇಕಾದಷ್ಟ ಅದಾವಲ್ಲ," ಅಂದಳು.

ಅವು ಕರ್ಲಿ ಹೇರ್ ಎಂಬ ಜಾತಿ. ಮೂಲ ಮಧ್ಯ ಅಮೆರಿಕದ ಹೊಂಡುರಾಸ್, ನಿಕರಾಗುವಾ ಕಡೆ. ದೊಡ್ಡದಾದ ಮೇಲೆ ಮೈತುಂಬ ಗುಂಗುರು ಕೂದಲು ಬರುತ್ತದೆ, ಅದಕ್ಕೇ ಆ ಹೆಸರು. ಹೊಸಬರಿಗೆ ಇದು ಒಳ್ಳೆಯ ಜಾತಿ. ನೆಲದಲ್ಲೇ ಇರುತ್ತದೆ, ಗಡಿಬಿಡಿ ಕಡಿಮೆ, ನಮ್ಮ ತಪ್ಪುಗಳನ್ನು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ. ಏಷ್ಯಾ, ಆಫ್ರಿಕಾದ ಜಾತಿಗಳನ್ನು ಮೊದಲ ಸಲಕ್ಕೇ ತರಬೇಡಿ. ಅವುಗಳ ಓಟವೂ ಜೋರು, ವಿಷವೂ ಜೋರು.

ಕಾಗದದ ಮಾತು ಮೊದಲೇ ಮುಗಿಸಿಬಿಡುತ್ತೇನೆ, ಆಮೇಲೆ ಯಾರೂ ಓದುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸೈಟಿಸ್ ಅಂದರೆ ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ; ಹೊರದೇಶದ ಜೀವಿಗಳಲ್ಲಿ ಅದರ ಪಟ್ಟಿಯಲ್ಲಿರುವವು ಈಗ ನಮ್ಮ ಕಾಯ್ದೆಯ 4ನೇ ಅನುಸೂಚಿಗೆ ಬರುತ್ತವೆ. ಮೆಕ್ಸಿಕೋದ ಕೆಂಪು ಮಂಡಿಯ ಟಾರಾಂಟುಲಾ ಇರುವ ಬ್ರಾಕಿಪೆಲ್ಮಾ ಕುಲ ಆ ಪಟ್ಟಿಯಲ್ಲಿದೆ. ಕರ್ಲಿ ಹೇರ್ ಕೂಡ ಮೊದಲು ಅದೇ ಕುಲದಲ್ಲಿತ್ತು, ಆಮೇಲೆ ಬೇರೆ ಹೆಸರಿಟ್ಟರು. ಇಂಥವನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು ಅಂತ 2024ರ ಫೆಬ್ರುವರಿಯಲ್ಲಿ ನಿಯಮ ಬಂದಿದೆ. ಹೊಸದಾಗಿ ತಂದವರಿಗೆ 30 ದಿನ ಸಮಯ. ಕೈ ಬದಲಾದರೂ ತಿಳಿಸಬೇಕು. ಹಾಗಾಗಿ ಮನೆಯಲ್ಲೇ ಮರಿ ಮಾಡಿಸಿದ್ದು ಅಂತ ಬರೆದುಕೊಡುವವರ ಹತ್ತಿರ, ಬಿಲ್ ಸಮೇತ ತೆಗೆದುಕೊಳ್ಳಿ. ದಾಂಡೇಲಿ ಕಡೆ ಹೋದಾಗ ಮರದ ಪೊಟರೆಯಲ್ಲಿ ದೊಡ್ಡ ಜೇಡ ಕಂಡರೆ ಅದನ್ನು ಅಲ್ಲೇ ಬಿಡಿ. ಅದು ಅಲ್ಲಿಯದು. ಮೇಲಾಗಿ ಘಟ್ಟದ ಆ ಜಾತಿ ಕಚ್ಚಿದರೆ ದಿನಗಟ್ಟಲೆ ಸ್ನಾಯು ಹಿಡಿದುಕೊಂಡು ಒದ್ದಾಡಬೇಕಾಗುತ್ತದೆ.

ಡಬ್ಬಿ ಮತ್ತು ಮಣ್ಣು

ಗಾಜಿನ ದೊಡ್ಡ ಅಕ್ವೇರಿಯಂ ಬೇಡ. ಇಷ್ಟು ಸಣ್ಣ ಮರಿಗೆ ಅದು ನೆಹರು ಮೈದಾನದಲ್ಲಿ ಒಬ್ಬನೇ ಮಲಗಿದ ಹಾಗೆ. ಹಾಕಿದ ಹುಳ ಅದಕ್ಕೆ ಸಿಗುವುದಿಲ್ಲ, ಅದು ನಿಮಗೆ ಸಿಗುವುದಿಲ್ಲ. ನನಗೆ ಎಲ್ಲಕ್ಕಿಂತ ಹೊಂದಿದ್ದು ಮೆಡಿಕಲ್ ಶಾಪಿನಲ್ಲಿ ಸಿಗುವ ಮೂತ್ರ ಪರೀಕ್ಷೆಯ ಡಬ್ಬಿ. ನಗಬೇಡಿ. ಪಾರದರ್ಶಕ, ತಿರುಗಿಸುವ ಮುಚ್ಚಳ, ಹತ್ತು ರೂಪಾಯಿ ಆಸುಪಾಸು. ಹೊಸದನ್ನೇ ತನ್ನಿ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಗಾಳಿಗೆ ತೂತು ಬೇಕು. ಹೊಲಿಗೆ ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಮೇಲೆ ಕಾಯಿಸಿ ಮುಚ್ಚಳಕ್ಕೆ ಹತ್ತು, ಪಕ್ಕದ ಗೋಡೆಗೆ ಹತ್ತು ಚುಚ್ಚಿ. ಒಳಗಿಂದ ಹೊರಗೆ ಚುಚ್ಚಿದರೆ ಚೂಪು ಅಂಚು ಹೊರಗಡೆ ಉಳಿಯುತ್ತದೆ. ತೂತಿನ ಅಳತೆ ಮುಖ್ಯ. ಜೇಡದ ಹೊಟ್ಟೆ ಮೆತ್ತಗೆ, ಹಿಂಡಿಕೊಂಡು ಹೋಗುತ್ತದೆ. ತಲೆ ಕಡೆಯ ಗಟ್ಟಿ ಭಾಗ ದಾಟದಷ್ಟು ತೂತು ಸಣ್ಣದಿರಬೇಕು.

ಮಣ್ಣಿಗೆ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ನರ್ಸರಿಯಲ್ಲಿ ಇಟ್ಟಿಗೆಯ ಹಾಗೆ ಒತ್ತಿದ್ದು ಸಿಗುತ್ತದೆ. ಸಾದಾ ಇಟ್ಟಿಗೆಯನ್ನೇ ಕೇಳಿ. ಕುಂಡಕ್ಕೆ ಅಂತ ಕಲಸಿಟ್ಟಿದ್ದರಲ್ಲಿ ಬೇವಿನ ಹಿಂಡಿಯೋ ಹುಳದ ಔಷಧಿಯೋ ಇರಬಹುದು, ಗಿಡಕ್ಕೆ ಒಳ್ಳೆಯದೇ, ಜೇಡಕ್ಕೆ ಅಲ್ಲ. ನೆನೆಸಿ, ಎರಡು ಸಲ ನೀರು ಬದಲಿಸಿ ಉಪ್ಪಿನಂಶ ತೆಗೆದು, ಹಿಂಡಿ. ಮುಷ್ಟಿಯಲ್ಲಿ ಒತ್ತಿದರೆ ಉಂಡೆ ಆಗಬೇಕು, ನೀರು ಇಳಿಯಬಾರದು. ಡಬ್ಬಿಯ ಮೂರರಲ್ಲಿ ಎರಡು ಪಾಲು ತುಂಬಿ, ಸ್ವಲ್ಪ ಒತ್ತಿ. ಪೆನ್ನಿನ ತುದಿಯಿಂದ ಗೋಡೆಗೆ ಹತ್ತಿಕೊಂಡೇ ಒಂದು ಓರೆ ಬಿಲ ಶುರು ಮಾಡಿಕೊಡಿ. ಉಳಿದದ್ದನ್ನು ಅದೇ ತೋಡಿಕೊಳ್ಳುತ್ತದೆ. ಗೋಡೆಗೆ ಹತ್ತಿದ್ದರೆ ಹೊರಗಿಂದ ನಮಗೂ ಕಾಣುತ್ತದೆ.

ಹಿತ್ತಲಿನ ಎರೆ ಮಣ್ಣು ಹಾಕಬೇಡಿ. ನಮ್ಮ ಎರೆ ನೆಲದ ಗುಣ ನಮಗೆ ಗೊತ್ತೇ ಇದೆ. ಒದ್ದೆಯಾದರೆ ಚಪ್ಪಲಿ ಕಿತ್ತುಕೊಳ್ಳುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದೇ ಆಟ ಡಬ್ಬಿಯೊಳಗೂ ನಡೆಯುತ್ತದೆ.

ಸೀಸೆಯಿಂದ ಡಬ್ಬಿಗೆ ದಾಟಿಸುವಾಗ ರೊಟ್ಟಿ ಹಿಟ್ಟು ನಾದುವ ದೊಡ್ಡ ಪರಾತದೊಳಗೆ ಎರಡನ್ನೂ ಇಟ್ಟುಕೊಂಡು ಕೆಲಸ ಮಾಡಿ. ಮರಿ ನಿಂತಲ್ಲೇ ನಿಂತಿರುತ್ತದೆ, ಇದ್ದಕ್ಕಿದ್ದ ಹಾಗೆ ಓಡುತ್ತದೆ. ಪರಾತದ ಅಂಚು ನಿಮಗೆ ಎರಡು ಸೆಕೆಂಡು ಗಳಿಸಿಕೊಡುತ್ತದೆ. ಚಿತ್ರ ಬರೆಯುವ ಮೆತ್ತನೆ ಕುಂಚದಿಂದ ಹಿಂಗಾಲಿಗೆ ಸ್ವಲ್ಪ ತಾಗಿಸಿದರೆ ಸಾಕು, ಮುಂದೆ ನಡೆಯುತ್ತದೆ. ಚಿಮಟದಿಂದ ಹಿಡಿಯಬೇಡಿ. ಮೂವತ್ತು ವರ್ಷ ಚಿಮಟ ಹಿಡಿದ ಕೈ ನನ್ನದು, ನಾನೇ ಹಿಡಿಯುವುದಿಲ್ಲ. ಫ್ಯಾನ್ ಆಫ್ ಇರಲಿ.

ನೀರು, ಬಿಸಿಲು

ಡಬ್ಬಿಯ ಒಂದು ಬದಿ ತೇವ, ಇನ್ನೊಂದು ಬದಿ ಒಣ. ಯಾವ ಕಡೆ ಇರಬೇಕು ಅನ್ನೋದನ್ನು ಅದೇ ಆರಿಸಿಕೊಳ್ಳಲಿ. ಸೂಜಿ ತೆಗೆದ 2 ಎಂ.ಎಲ್. ಸಿರಿಂಜಿನಿಂದ ಒಂದು ಬದಿಗೆ ನಾಲ್ಕೈದು ಹನಿ, ಗೋಡೆಗೆ ಒಂದು ಹನಿ. ನಳ ಬಂದಾಗ ತುಂಬಿಟ್ಟ ಮಲಪ್ರಭೆಯ ನೀರೇ ಸಾಕು. ಸ್ಪ್ರೇ ಬಾಟಲಿಯಿಂದ ಮುಖಕ್ಕೆ ಹೊಡೆಯುವವರಿದ್ದಾರೆ. ಸುಮ್ನೆ ಹೆದರಿಸಿದ ಹಾಗೆ. ಸ್ಪಂಜ್ ಇಡುವುದೂ ಬೇಡ, ಅದು ಬೂಷ್ಟಿನ ಮನೆ.

ಎಷ್ಟು ದಿನಕ್ಕೊಮ್ಮೆ ಅಂತ ಕೇಳಿದರೆ ಕ್ಯಾಲೆಂಡರ್ ನೋಡಿ ಹೇಳಲು ಬರುವುದಿಲ್ಲ. ಚಳಿಗಾಲದಲ್ಲಿ ಮೂಡಣ ಗಾಳಿ ಬೀಸುವಾಗ ತುಟಿ ಒಡೆಯುತ್ತದಲ್ಲ, ಆಗ ಮೂರು ದಿನಕ್ಕೇ ಕೋಕೋಪೀಟ್ ತಿಳಿ ಕಂದು ಬಣ್ಣಕ್ಕೆ ತಿರುಗುತ್ತದೆ. ಜುಲೈನಲ್ಲಿ ಜಿಟಿಜಿಟಿ ಹಿಡಿದಾಗ ಎರಡು ವಾರವಾದರೂ ಕಪ್ಪಗೇ ಇರುತ್ತದೆ. ಧಾರವಾಡದವರಿಗೆ ಇನ್ನೂ ಜಾಸ್ತಿ. ಬಣ್ಣ ನೋಡಿ ನೀರು ಹಾಕಿ. ಮಳೆಗಾಲದಲ್ಲಿ ಡಬ್ಬಿಯ ಗೋಡೆ ಬೆವರುತ್ತಿದ್ದರೆ ನೀರು ನಿಲ್ಲಿಸಿ, ಇನ್ನೂ ನಾಲ್ಕು ತೂತು ಹಾಕಿ. ಉಸಿರುಗಟ್ಟುವ ಒದ್ದೆಯಲ್ಲಿ ಮರಿ ಬದುಕುವುದು ಕಷ್ಟ.

ಶಾಖಕ್ಕೆ ಅಂತ ಬಲ್ಬ್, ಹೀಟರ್ ಮ್ಯಾಟ್ ಏನೂ ಬೇಕಿಲ್ಲ. ಚಳಿ ದೇಶದವರ ವಿಡಿಯೋ ನೋಡಿ ನಾವು ಅದನ್ನೆಲ್ಲ ತರಿಸಬಾರದು. ನಿಮಗೆ ಹಿತ ಅನಿಸುವ ಕೋಣೆ ಅದಕ್ಕೂ ಹಿತ. ನಮ್ಮ ಕಷ್ಟ ಏಪ್ರಿಲ್‌ನದು, ಹುಬ್ಬಳ್ಳಿಯಲ್ಲಿ 37-38 ಡಿಗ್ರಿ ಮುಟ್ಟುತ್ತದೆ. ಆಗ ನಾನು ಡಬ್ಬಿಯನ್ನು ಕಪಾಟಿನಿಂದ ಇಳಿಸಿ, ನೀರಿನ ಹಂಡೆ ಇಡುವ ಕೋಣೆಯ ನೆಲಕ್ಕೆ ತರುತ್ತೇನೆ. ತಗಡಿನ ಮಾಡು ಇರುವ ಕೋಣೆ ಬೇಡ. ಕಿಟಕಿಯ ಬಿಸಿಲು ಬೀಳುವ ಜಾಗವಂತೂ ಬೇಡವೇ ಬೇಡ. ಅಷ್ಟು ಸಣ್ಣ ಡಬ್ಬಿ ಹತ್ತು ನಿಮಿಷದಲ್ಲಿ ಕುಕ್ಕರ್ ಆಗುತ್ತದೆ.

ಊಟ

ಹುಳ ಮರಿಯ ಹೊಟ್ಟೆಗಿಂತ ದೊಡ್ಡದಿರಬಾರದು. ಹೆಸರುಕಾಳಿನಷ್ಟು ಹೊಟ್ಟೆಗೆ ಹೆಸರುಕಾಳಿನಷ್ಟು ಊಟ. ಇಷ್ಟು ಸಣ್ಣ ಹುಳ ಎಲ್ಲಿಂದ ತರುವುದು? ತರಬೇಕಾಗಿಲ್ಲ. ಮರಿಗಳು ಸತ್ತದ್ದನ್ನೂ ತಿನ್ನುತ್ತವೆ. ಮೀಲ್‌ವರ್ಮ್ ಅಂತ ಸಿಗುತ್ತದೆ, ಹಕ್ಕಿ ಮತ್ತು ಅರೋವಾನಾ ಮೀನು ಸಾಕುವವರ ಹತ್ತಿರ ಕೇಳಿ. ಅದರ ಒಂದು ತುಂಡು ಕತ್ತರಿಸಿ ಬಿಲದ ಬಾಯಿ ಹತ್ತಿರ ಇಟ್ಟರೆ ರಾತ್ರಿ ಬಂದು ಎಳೆದುಕೊಂಡು ಹೋಗುತ್ತದೆ. ಮರಿ ದೊಡ್ಡದಾದ ಮೇಲೆ ಇಡೀ ಹುಳ ಹಾಕುವಾಗಲೂ ತಲೆ ಜಜ್ಜಿ ಹಾಕಿ. ಇಲ್ಲದಿದ್ದರೆ ಅದು ಮಣ್ಣಿನೊಳಗೆ ಇಳಿದು ಕೂರುತ್ತದೆ. ಜೇಡ ಪೊರೆ ಬಿಟ್ಟು ಮೆತ್ತಗಿರುವಾಗ ಅದನ್ನೇ ಕಡಿಯಬಹುದು.

ಮೀಲ್‌ವರ್ಮ್ ಸಾಕುವುದು ಜೇಡ ಸಾಕುವುದಕ್ಕಿಂತ ಸುಲಭ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಇಂಚು ಗೋಧಿ ಬೂಸಾ, ಮೇಲೆ ಒಂದು ತುಂಡು ಗಜ್ಜರಿ. ನೀರಿನ ಬದಲಿಗೆ ಗಜ್ಜರಿಯೇ ಸಾಕು, ಒಣಗಿದಾಗ ಬದಲಿಸಿ. ಹುಳ ಕೋಶವಾಗಿ, ಕೋಶ ಕಪ್ಪು ದುಂಬಿಯಾಗಿ, ದುಂಬಿ ಮತ್ತೆ ಮೊಟ್ಟೆ ಇಟ್ಟು ಚಕ್ರ ತಿರುಗುತ್ತಿರುತ್ತದೆ. ಫ್ರಿಜ್‌ನಲ್ಲಿ ಇಟ್ಟರೆ ಬೆಳವಣಿಗೆ ನಿಧಾನವಾಗುತ್ತದೆ ಅನ್ನುವುದು ನಿಜ. ಆ ಪ್ರಸ್ತಾಪವನ್ನು ನಮ್ಮ ಮನೆಯಲ್ಲಿ ನಾನು ಒಮ್ಮೆ ಇಟ್ಟೆ. ಎರಡನೇ ಸಲ ಇಡಲಿಲ್ಲ.

ಮನೆಯ ಜೊಂಡಿಗ, ಗದ್ದೆಯ ಮಿಡತೆ ಹಿಡಿದು ಹಾಕಬೇಡಿ. ಅವು ಎಲ್ಲೆಲ್ಲಿ ಔಷಧಿ ಮೇಲೆ ಓಡಾಡಿ ಬಂದಿರುತ್ತವೋ.

ಐದಾರು ದಿನಕ್ಕೊಮ್ಮೆ ಸಾಕು. ಬೆಳಗ್ಗೆ ಎದ್ದು ನೋಡಿ, ತಿನ್ನದೆ ಬಿಟ್ಟಿದ್ದರೆ ಚಿಮಟದಿಂದ ತೆಗೆಯಿರಿ. ಚಿಮಟಕ್ಕೆ ಇರುವ ಕೆಲಸ ಇದೊಂದೇ. ನಾನು ಹಳೇ ಗ್ಯಾರಂಟಿ ಕಾರ್ಡಿನ ಹಿಂದೆ ತಾರೀಕು ಬರೆದಿಡುತ್ತೇನೆ. ತಿಂದರೆ ಒಂದು ಗೆರೆ, ಬಿಟ್ಟರೆ ಸೊನ್ನೆ. ಆ ಸೊನ್ನೆಗಳು ಮೂರು ಸಾಲಾಗಿ ಬಂದವು ಅಂದರೆ ಮುಂದಿನದನ್ನು ಓದಿ.

ಪೊರೆ ಬಿಡುವಾಗ

ಜೇಡದ ಚರ್ಮ ಹಿಗ್ಗುವುದಿಲ್ಲ. ಬೆಳೆಯಬೇಕು ಅಂದರೆ ಹಳೆಯದನ್ನು ಕಳಚಿ ಹೊರಗೆ ಬರಬೇಕು. ಮರಿಗಳು ಕೆಲವು ವಾರಕ್ಕೋ ಒಂದೆರಡು ತಿಂಗಳಿಗೋ ಒಮ್ಮೆ ಪೊರೆ ಬಿಡುತ್ತವೆ, ದೊಡ್ಡದಾದ ಹಾಗೆ ಅಂತರ ಹೆಚ್ಚುತ್ತದೆ. ಗುರುತು ಸುಲಭ. ಊಟ ಬಿಡುತ್ತದೆ. ಹೊಟ್ಟೆ ಉಬ್ಬಿ ಕಪ್ಪಾಗಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ಎಷ್ಟೋ ಮರಿಗಳು ಬಿಲದ ಬಾಯಿಯನ್ನು ಮಣ್ಣು, ಬಲೆ ಸೇರಿಸಿ ಮುಚ್ಚಿಕೊಳ್ಳುತ್ತವೆ.

ನನ್ನ ಎರಡರಲ್ಲಿ ಒಂದು ಬಂದ ಐದನೇ ವಾರಕ್ಕೆ ಹೀಗೆ ಬಾಗಿಲು ಹಾಕಿಕೊಂಡಿತು. ಹತ್ತು ದಿನ ಕಾದೆ. ಹದಿನೈದು ಆಯಿತು. "ಸತ್ತೈತೇನ್ ನೋಡ್ರೀ," ಅಂದಳು ಹೆಂಡತಿ. ಇಪ್ಪತ್ತನೇ ದಿನ ಭಾನುವಾರ, ಅಂಗಡಿ ರಜೆ. ನಿಂತ ವಾಚನ್ನು ಬಿಚ್ಚದೆ ನನ್ನ ಕೈ ಸುಮ್ಮನಿರುವುದಿಲ್ಲ. ವಾಚ್ ನೋಡುವ ಭೂತಗನ್ನಡಿ ಲೂಪನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಚಿಮಟದಲ್ಲಿ ಕೋಕೋಪೀಟ್ ಎಳೆಎಳೆಯಾಗಿ ತೆಗೆಯುತ್ತಾ ಹೋದೆ.

ಒಳಗೆ ಸಣ್ಣ ಬಲೆಯ ಹಾಸಿಗೆ ಇತ್ತು. ಅದರ ಮೇಲೆ ಮರಿ ಬೆನ್ನು ಕೆಳಗೆ ಮಾಡಿ ಮಲಗಿತ್ತು. ತಲೆಯ ಮೇಲಿನ ಚಿಪ್ಪು ವಾಚಿನ ಹಿಂದಿನ ಮುಚ್ಚಳ ತೆರೆದುಕೊಂಡ ಹಾಗೆ ಒಂದು ಬದಿಗೆ ಎದ್ದಿತ್ತು. ಹಳೆಯ ಕಾಲುಗಳಿಂದ ಹೊಸ ಕಾಲುಗಳು ಅರ್ಧ ಹೊರಗೆ ಬಂದಿದ್ದವು. ನೆನೆದ ಶ್ಯಾವಿಗೆಯ ಬಣ್ಣ, ಅದಕ್ಕಿಂತ ಸಣ್ಣ. ಅವು ಬಹಳ ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ಮಿಡಿಯುತ್ತಿದ್ದವು. ಅಷ್ಟರಲ್ಲಿ ಬಿಲದ ಅಂಚು ಕುಸಿದು ಒಂದು ಚಿಟಿಕೆಯಷ್ಟೂ ಇಲ್ಲದ ಮಣ್ಣು ಅದರ ಮೇಲೆ ಬಿತ್ತು. ಮಿಡಿತ ನಿಂತಿತು. ನಾನು ಮುಚ್ಚಳ ಹಾಕಿ ಕೈ ಕಟ್ಟಿಕೊಂಡು ಕೂತೆ. ಮರುದಿನ ಮುಂಜಾನೆಯೂ ಮೂರು ಕಾಲು ಹಳೆಯ ಪೊರೆಯೊಳಗೇ ಇದ್ದವು. ಸಂಜೆಗೆ ಎಲ್ಲ ಮುಗಿದಿತ್ತು.

ಇನ್ನೊಂದು ಮರಿ ಆಮೇಲೆ ಬಾಗಿಲು ಹಾಕಿಕೊಂಡಾಗ ಡಬ್ಬಿಯನ್ನು ಕಪಾಟಿನ ಮೇಲಿಟ್ಟು, ಒದ್ದೆ ಬದಿಗೆ ಮಾತ್ರ ವಾರಕ್ಕೊಮ್ಮೆ ಹನಿ ಬಿಟ್ಟೆ. ಮೂವತ್ತೆಂಟು ದಿನ. ಮೂವತ್ತೊಂಬತ್ತನೇ ದಿನ ಬಿಲದ ಬಾಯಿ ತೆರೆದಿತ್ತು. ಒಂದೂವರೆ ಪಟ್ಟು ದೊಡ್ಡದಾಗಿ, ಸೊರಗಿದ ಹೊಟ್ಟೆ ಹೊತ್ತು ಹೊರಗೆ ಕೂತಿತ್ತು. ಪಕ್ಕದಲ್ಲಿ ಮಡಚಿ ಎಸೆದ ಹಳೆ ಅಂಗಿ.

ಹಾಗಾಗಿ ಬೆನ್ನ ಮೇಲೆ ಮಲಗಿದ ಜೇಡ ಕಂಡರೆ ಮುಟ್ಟಬೇಡಿ, ಊದಬೇಡಿ, ಡಬ್ಬಿ ಎತ್ತಬೇಡಿ. ಒಳಗೆ ಜೀವಂತ ಹುಳ ಇದ್ದರೆ ಮಾತ್ರ ತೆಗೆಯಿರಿ. ಪೊರೆ ಬಿಟ್ಟ ಮೇಲೆ ಮರಿಗೆ ಕನಿಷ್ಠ ಒಂದು ವಾರ ಊಟ ಬೇಡ. ಕೋರೆಹಲ್ಲು ಮೊದಲು ಹಾಲಿನ ಹಾಗೆ ಬೆಳ್ಳಗಿರುತ್ತವೆ, ಆಮೇಲೆ ಕೆಂಪಾಗಿ, ಕೊನೆಗೆ ಕಪ್ಪಾಗುತ್ತವೆ. ಕಪ್ಪಾದ ಮೇಲೆ ಹುಳ ಹಾಕಿ. ಬಿಟ್ಟ ಪೊರೆಯನ್ನು ಎಸೆಯಬೇಡಿ. ಜೇಡ ಇನ್ನಷ್ಟು ದೊಡ್ಡದಾದ ಮೇಲೆ ಹೊಟ್ಟೆಯ ಪೊರೆಯನ್ನು ನೀರಲ್ಲಿ ನೆನೆಸಿ ಬಿಡಿಸಿ ಒಳಮೈ ನೋಡಿದರೆ, ಹೆಣ್ಣಾಗಿದ್ದರೆ ಮುಂದಿನ ಎರಡು ಶ್ವಾಸಕೋಶದ ಗುರುತುಗಳ ನಡುವೆ ಸಣ್ಣ ಚೀಲದಂಥದ್ದು ಕಾಣುತ್ತದೆ. ಈ ಜಾತಿಯ ಹೆಣ್ಣು ಇಪ್ಪತ್ತು ವರ್ಷದವರೆಗೂ ಬದುಕಬಲ್ಲದು, ಗಂಡು ಅದರ ಅರ್ಧವೂ ಇಲ್ಲ. ಗೊತ್ತಿರುವುದು ಒಳ್ಳೆಯದು. ನನಗೀಗ ಐವತ್ತೆರಡು.

ಇರುವೆ, ಬತ್ತಿ, ಗುಳಿಗೆ

ಬೆಕ್ಕು, ಹಲ್ಲಿಗಿಂತ ದೊಡ್ಡ ಶತ್ರು ಇರುವೆ. ಒಂದು ರಾತ್ರಿ ಸಾಕು. ಅಗಲ ತಟ್ಟೆಯಲ್ಲಿ ನೀರು ಹಾಕಿ, ನಡುವೆ ಬಟ್ಟಲು ಬೋರಲಿಟ್ಟು, ಅದರ ಮೇಲೆ ಡಬ್ಬಿ ಇಡಿ. ಬೆಲ್ಲದ ಡಬ್ಬಿಗೆ ನಮ್ಮ ಅವ್ವ ಮಾಡುತ್ತಿದ್ದ ಉಪಾಯವೇ. ನೀರಿಗೆ ಒಂದು ಹನಿ ಸೋಪು ಬಿಟ್ಟರೆ ಇರುವೆ ಮೇಲ್ಮೈಯಲ್ಲಿ ತೇಲಿ ದಾಟುವುದೂ ನಿಲ್ಲುತ್ತದೆ.

ಇರುವೆ ಬಂತು ಅಂತ ಗೋಡೆಗೆ ಔಷಧಿ ಚಾಕಿನಲ್ಲಿ ಗೆರೆ ಎಳೆಯಬೇಡಿ. ಆ ಚಾಕು ಹಿಡಿದ ಕೈಯಲ್ಲಿ ಡಬ್ಬಿ ಮುಟ್ಟಬೇಡಿ. ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ಲಿಕ್ವಿಡ್, ಜಿರಳೆ ಸ್ಪ್ರೇ, ಎಲ್ಲದರಲ್ಲೂ ಹುಳ ಕೊಲ್ಲುವ ಔಷಧಿಯೇ ಇರುವುದು. ಆರು ಕಾಲಿನದನ್ನು ಕೊಲ್ಲುವುದು ಎಂಟು ಕಾಲಿನದನ್ನು ಬಿಡುವುದಿಲ್ಲ. ನಾವು ಆ ಕೋಣೆಯಲ್ಲಿ ಸೊಳ್ಳೆ ಪರದೆಗೆ ಬದಲಾದೆವು. ನಾಯಿ ಇದ್ದವರು ಉಣ್ಣೆ ಹುಳಕ್ಕೆ ಬೆನ್ನ ಮೇಲೆ ಔಷಧಿ ಬಿಡುತ್ತಾರೆ, ಆ ನಾಯಿಯನ್ನು ಸವರಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ರೇಷ್ಮೆ ಸೀರೆಯ ಕಪಾಟಿನಲ್ಲಿ ನುಸಿ ಗುಳಿಗೆ ಇರುತ್ತದೆ, ಅಲ್ಲಿಯೂ ಡಬ್ಬಿ ಇಡಬೇಡಿ. ಡೆಂಗಿ ಸಮಯದಲ್ಲಿ ಓಣಿಗೆ ಹೊಗೆ ಗಾಡಿ ಬಂದ ಸದ್ದು ಕೇಳಿದರೆ ಕಿಟಕಿ ಮುಚ್ಚಿ, ಡಬ್ಬಿಯನ್ನು ಒಳಗಿನ ಕೋಣೆಗೆ ಒಯ್ಯಿರಿ.

ಇನ್ನೊಂದು ಗುರುತು ತಿಳಿದಿರಲಿ. ಬೆನ್ನ ಮೇಲೆ ಮಲಗಿದರೆ ಪೊರೆ, ಹೆದರಬೇಡಿ. ನೆಟ್ಟಗೆ ಇದ್ದು ಎಂಟೂ ಕಾಲನ್ನು ಮುಷ್ಟಿಯ ಹಾಗೆ ಹೊಟ್ಟೆ ಕೆಳಗೆ ಮಡಚಿಕೊಂಡಿದ್ದರೆ ಹೆದರಿ. ಜೇಡ ಕಾಲು ಚಾಚುವುದು ಮೈಯೊಳಗಿನ ದ್ರವದ ಒತ್ತಡದಿಂದ, ಜೆಸಿಬಿಯ ತೋಳಿನ ಹಾಗೆ. ದ್ರವ ಕಡಿಮೆಯಾದರೆ ಕಾಲು ತಾನಾಗಿ ಮುದುಡುತ್ತದೆ. ತಕ್ಷಣ ಅದರ ಬಾಯಿಯ ಹತ್ತಿರ ಒಂದು ಹನಿ ನೀರು ಬಿಡಿ, ತೇವದ ಟಿಶ್ಯೂ ಹಾಸಿದ ಸಣ್ಣ ಡಬ್ಬಿಯಲ್ಲಿಟ್ಟು ನೆರಳಲ್ಲಿ ಬಿಡಿ. ಬಾಯಾರಿಕೆಯಿಂದ ಆಗಿದ್ದರೆ ಕೆಲವೊಮ್ಮೆ ಚೇತರಿಸಿಕೊಳ್ಳುತ್ತದೆ.

ಕೈಮೇಲೆ ಬಿಟ್ಟುಕೊಂಡು ಫೋಟೋ ತೆಗೆಸುವ ಆಸೆ ಇದ್ದರೆ ಬಿಟ್ಟುಬಿಡಿ. ಮರಿ ಕಚ್ಚುತ್ತದೆ ಅಂತಲ್ಲ, ಬೀಳುತ್ತದೆ. ಸ್ವಲ್ಪ ದೊಡ್ಡದಾದ ಮೇಲೆ ಬಿದ್ದರೆ ಹೊಟ್ಟೆಯೇ ಒಡೆಯುತ್ತದೆ. ಅಮೆರಿಕದ ಜಾತಿಗಳು ಬೆಳೆದ ಹಾಗೆ ಹಿಂಗಾಲಿನಿಂದ ಹೊಟ್ಟೆಯ ಕೂದಲು ಕೆರೆದು ತೂರುತ್ತವೆ. ಚರ್ಮಕ್ಕೆ ತುರಿಕೆ, ಕಣ್ಣಿಗೆ ಹೋದರೆ ಡಾಕ್ಟರ್ ಹತ್ತಿರ ಓಡಬೇಕು. ನಾನು ಡಬ್ಬಿ ತೆರೆಯುವಾಗ ಕನ್ನಡಕ ಹಾಕಿಕೊಂಡೇ ಇರುತ್ತೇನೆ.

ನನ್ನದು ಈಗ ಕಾಲು ಚಾಚಿದರೆ ಆರು ಸೆಂಟಿಮೀಟರ್. ಎರಡು ಸಲ ಮನೆ ಬದಲಿಸಿದೆ. ಡಬ್ಬಿಯ ಅಗಲ ಕಾಲಿನ ಅಗಲದ ಮೂರು ಪಟ್ಟಿಗಿಂತ ಕಡಿಮೆಯಾದಾಗ ಬದಲಿಸಿದರೆ ಸಾಕು. ಪೊರೆ ಬಿಟ್ಟ ಹೊಸದರಲ್ಲಿ ಬೇಡ, ಬಿಡುವ ಮುಂಚೆಯೂ ಬೇಡ.

ಪಂಚಮಿಗೆ ಹೆಂಡತಿಯ ತವರು ಗದಗಕ್ಕೆ ಹೋದರೆ ನಾವು ಹತ್ತು ದಿನ ಬರುವುದಿಲ್ಲ. ಹೋಗುವ ಮುಂಚೆ ಒಂದು ಹುಳ ಹಾಕಿ, ಮರುದಿನ ಉಳಿದದ್ದು ತೆಗೆದು, ಒದ್ದೆ ಬದಿಗೆ ನೀರು ಬಿಟ್ಟು, ಇರುವೆ ತಟ್ಟೆ ತುಂಬಿ ಹೊರಡುತ್ತೇನೆ. ಅದಕ್ಕೆ ಏನೂ ಆಗುವುದಿಲ್ಲ. ಪಕ್ಕದ ಮನೆಯವರಿಗೆ ಕೀಲಿ ಕೊಡುವುದಿದ್ದರೆ ತುಳಸಿಗೆ ನೀರು ಹಾಕಲು ಕೊಡಿ. ಡಬ್ಬಿ ಎಲ್ಲಿದೆ ಅಂತ ಹೇಳಬೇಡಿ.